ಅಯ್ಯನವರ ಕೀಲಿಕೈ ಗೊಂಚಲು

ಪ್ರಶ್ನೆ: ನಾನು ಬಾಗಲಕೋಟಿ ಜಿಲ್ಲೆಯೊಳಗ ಒಂದು ಚರ್ಚಿನ ಸಭಾಪಾಲಕ (ಪಾಸ್ಟರ್) ಅದೀನಿ, ಸೇವೆಗೆ ಬಂದು 18 ವರ್ಷ ಆತು. ಮುಂಜಾನೆ ಎದ್ರ ಕಮಿಟಿ, ಕಂಪೌಂಡ್ ಕೇಸು, ವಕೀಲರ ಫೋನು, ಮದುವಿ ಸರ್ಟಿಫಿಕೇಟು. ಐತವಾರದ ಪ್ರಸಂಗ (ಉಪದೇಶ) ಬರಿಯೂದು ಶನಿವಾರ ರಾತ್ರಿ 11ಕ್ಕ. ಹೋದ ವರ್ಷ ಒಂದು ಲೀಡರ್‌ಶಿಪ್ ಸೆಮಿನಾರಿನಾಗ ಸಭೆಗೊಂದು ವಿಷನ್ ಬರೀರಿ ಅಂದ್ರು, ಬರದು ಫ್ಲೆಕ್ಸ್ ಮಾಡ್ಸಿ ಹಾಕ್ದೆ, ಈಗ ಆ ಫ್ಲೆಕ್ಸ್ ನಮ್ಮ ಮನಿ ಸೋರೂ ಕಡೆ ಮ್ಯಾಲ ಹೊದಿಸೀವಿ. ಯಾಕ್ ಈ ಸೇವೆಗೆ ಬಂದೆ ಅನ್ನೂದ ಮರತಂಗ ಆಗೈತಿ. ದೇವರ ಕರೆ ಹೋತೇನು, ಇಲ್ಲಾ ನಾನ ದಾರಿ ತಪ್ಪೀನೇನು?

ಉತ್ತರ: ಅಯ್ಯನವರ, ಫ್ಲೆಕ್ಸ್ ಒಂದಕ್ಕರ ಉಪಯೋಗ ಆತಲ್ರೀ. ನಗಬ್ಯಾಡ್ರಿ, ಎರಡು ಸಾಲು ವಿಷನ್ ಬರದ್ರ ದಿಕ್ಕು ಸಿಗೂದಾಗಿದ್ರ ನಮ್ಮ ಕಡೆ ದಿಕ್ಕು ತಪ್ಪಿದ ಸಭೆ ಒಂದೂ ಇರ್ತಿದ್ದಿಲ್ಲ.

ನಾನೂ ಬೆಳಗಾವಿ ಕಡೆ ಒಂದು ಸಭೆಯೊಳಗ ಸಭಾಪಾಲಕ ಇದ್ದಾಗ ಹಿಂಗ ಆಗಿತ್ತು. ಸೊಂಟಕ್ಕ ಒಂದು ಕೀಲಿಕೈ ಗೊಂಚಲು, ಗುಡಿದು, ಮೀಟರ್ ಬಾಕ್ಸಿಂದು, ಕಾಣಿಕಿ ಪೆಟಗಿದು, ಸಮಾಧಿ ಗೇಟಿಂದು, ಒಂದೆರಡು ಯಾವುದರವು ಅಂತ ನನಗೂ ಗೊತ್ತಿದ್ದಿಲ್ಲ. ಒಬ್ಬ ಅಜ್ಜಿ ಗಂಡ ಮೂರು ತಿಂಗಳ ಹಾಸಿಗಿ ಹಿಡದಿದ್ದ, ಇವತ್ತ ಹೋಗ್ತೀನಿ ನಾಳೆ ಹೋಗ್ತೀನಿ ಅಂದು ನಾ ಹೋಗಿದ್ದು ಅವ ತೀರಿಕೊಂಡ ದಿನಾನ. ಬಾಗಲಾಗ ಚಪ್ಪಲಿ ಬಿಡಾಕತ್ತಿದ್ದೆ, ಅಜ್ಜಿ ಒಳಗಿಂದ ಅಂದ್ಳು, "ಕೀಲಿ ಸಪ್ಪಳ ಕೇಳಿ ಅಯ್ಯನವರು ವರ್ಗಣಿ ಕೇಳಾಕ ಬಂದ್ರೇನೋ ಅಂದ್ಕೊಂಡೆ ನೋಡ್ರಿ." ಸಿಟ್ಟಿನಿಂದ ಅಂದಿದ್ದಲ್ಲ, ಅದಕ್ಕ ಇನ್ನೂ ಚುಚ್ಚತೈತಿ. ಮಣ್ಣು ಮುಗಿಸಿ ಮನಿಗೆ ಬಂದು ಗೊಂಚಲು ಬಿಚ್ಚಿ ಟೇಬಲ್ ಮ್ಯಾಲ ಹರವಿ ಕುಂತೆ, 14 ಇದ್ವು. ಎರಡು ಇಟ್ಕೊಂಡು ಉಳದದ್ದು ಮರು ಐತವಾರ ಆರಾಧನೆ ಆದ ಮ್ಯಾಲ ಹಿರಿಯರಿಗೆ ಹಂಚಿದೆ. ಖರೇ ಹೇಳ್ಬೇಕಂದ್ರ ಕೊಡೂವಾಗ ಹೊಟ್ಟ್ಯಾಗ ಸಂಕಟ ಆತು, ಯಾಕಂದ್ರ ಭಾರ ಭಾರ ಅಂತ ಅಳ್ತಿದ್ದೆ ಖರೆ, ಆದ್ರ ಎಲ್ಲಾರೂ ನನ್ನ ಬಾಗಲಿಗೇ ಬರಬೇಕು ಅನ್ನೂ ಆಶಾ ನನಗೂ ಇತ್ತು. ನಿಮಗೂ ಐತೇನು ಅಂತ ಒಮ್ಮೆ ನೋಡ್ಕೋರಿ.

ಕರೆ ಹೋಗಿಲ್ರೀ, ದಣದೀರಿ ಅಷ್ಟ. ಬೈಬಲಿನಾಗ ಪ್ರವಾದಿ ಎಲೀಯ ಗಿಡದ ಬುಡಕ ಕುಂತು ಸಾಕು ನನ್ನ ಜೀವ ತಗೋ ಅಂದಾಗ ದೇವರು ಉಪದೇಶ ಮಾಡ್ಲಿಲ್ಲ. ದೂತ ಬಂದು ರೊಟ್ಟಿ ನೀರು ಕೊಟ್ಟ, ಎಲೀಯ ತಿಂದು ಮತ್ತ ಮಲಗಿದ, ಎರಡನೇ ಸಲನೂ ಊಟಾನ ಸಿಕ್ಕಿದ್ದು. "ಇಲ್ಲೇನು ಮಾಡ್ತೀ" ಅನ್ನೂ ಪ್ರಶ್ನಿ ಬಂದದ್ದು 40 ದಿನ ನಡದು ಹೋರೇಬ್ ಬೆಟ್ಟಕ್ಕ ಮುಟ್ಟಿದ ಮ್ಯಾಲ, ಆಮ್ಯಾಲ ಕೊಟ್ಟ ಕೆಲಸದಾಗ ತನ್ನ ಬದಲಿ ಎಲೀಷನ್ನ ಅಭಿಷೇಕ ಮಾಡೂದೂ ಒಂದು. ಇದನ್ನ ನಾವು ಪ್ರಸಂಗದಾಗ ಹೇಳ್ತೀವಿ, ನಮಗ ನಾವು ಹೇಳ್ಕೊಳ್ಳೂದಿಲ್ಲ. ಮೋಶೆಗೆ ಮುಂಜಾನಿಂದ ಸಂಜಿತನಾ ಒಬ್ಬನ ಕುಂತು ನ್ಯಾಯ ಮಾಡೂದು ಚಲೋ ಅಲ್ಲ, ನೀನೂ ದಣಿತಿ ಮಂದಿನೂ ದಣಿತಾರ ಅಂತ ಹೇಳಿದಾಂವ ಮಾವ ಇತ್ರೋ. ಮಾವನ ಮಾತು ಕೇಳಿದ ಅಳಿಯ ಅಂದ್ರ ಅವನೊಬ್ಬನ ಇರಬೇಕು.

ಈಗ ಕೆಲಸದ ಮಾತು. ಮದುವಿ ರಿಜಿಸ್ಟರ್ ಮಾತ್ರ ಬಿಡಬ್ಯಾಡ್ರಿ, 1872ರ ಕ್ರಿಶ್ಚಿಯನ್ ಮದುವಿ ಕಾಯ್ದೆ ಐತಿ, ಲಗ್ನ ಮಾಡ್ಸಿದವರ ಬರೀಬೇಕು. ಕೇಸು, ಛಾವಣಿ, ಲೈಟ್ ಬಿಲ್ಲು, ಸುಗ್ಗಿ ಹಬ್ಬದ ಹರಾಜು ಕಮಿಟಿಗೆ ಬಿಟ್ಟುಬಿಡ್ರಿ. ಅವರು ತಪ್ಪು ಮಾಡ್ತಾರ, ಕುಂಬಳಕಾಯಿ ಹರಾಜಿನ ಲೆಕ್ಕ ಎರಡು ವಾರ ತಡಾ ಆಗ್ತೈತಿ, ಅಯ್ಯನವರು ಮೈಗಳ್ಳ ಆದ್ರು ಅಂತ ನಾಕ್ ಮಂದಿ ಅಂತಾರ, ಅನ್ಲಿ.

ಉಳದ ಹೊತ್ತಿನಾಗ ನಿಮ್ಮ ಸಭೆಯ ಹಳೇ ದೀಕ್ಷಾಸ್ನಾನದ ರಿಜಿಸ್ಟರ್ ತಗೀರಿ. ಇಂಗ್ಲೆಂಡಿನ ಲಂಡನ್ ಮಿಷನ್ ಪಾದ್ರಿಗಳು ಬೆಳಗಾವಿಗೆ ಬಂದಿದ್ದು 1820ರಾಗ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನವರು ಗುಳೇದಗುಡ್ಡದ ನೇಕಾರರ ನಡುವ ಠಾಣೆ ಹಾಕಿದ್ದು 1851ರಾಗ. ಅವರು ಮೊದಲ ಕನ್ನಡ ಕಲತ್ರು, ಮಗ್ಗದ ಮನಿ ಬಾಗಲಿಗೆ ಹೋದ್ರು. ಅವರದೆಲ್ಲಾ ಸರಿ ಇತ್ತು ಅಂತ ನಾ ಅನ್ನೂದಿಲ್ಲ, ಆದ್ರ ಅವರು ಬಂದದ್ದು ಕಂಪೌಂಡ್ ಕಾಯಾಕಲ್ಲ, ನಮ್ಮ ಹೊತ್ತು ಮಾತ್ರ ಅದರಾಗ ಹೋಗಾಕತ್ತೈತಿ. ರಿಜಿಸ್ಟರಿನಾಗ ಒಂದು ಹೆಸರು ಹಿಡೀರಿ, ಆ ಮನೆತನದವರು ಈಗ ಎಲ್ಲದಾರ ಅಂತ ಹುಡುಕ್ಕೊಂಡು ಹೋಗ್ರಿ, ಚಾ ಕುಡೀರಿ. ವಾರಕ್ಕ ಎರಡು ಮನಿ ಸಾಕು. ಫೋನು ಮನ್ಯಾಗ ಇಟ್ಟು ಹೋಗ್ರಿ.

ಪ್ರಶ್ನೆ: ವಿಜಯಪುರದಿಂದ ಬರೀತಿದೀನಿ, ಸಭಾ ಕಮಿಟಿ ಕಾರ್ಯದರ್ಶಿ. ನಮ್ಮ ಅಯ್ಯನವರಲ್ಲಿ ಮೊದಲಿನ ಹುರುಪಿಲ್ಲ, ಯುವಕರು ಬರೋದು ಕಡಿಮೆ ಆಗಿದೆ. ವರ್ಗಾವಣೆಗೆ ಬಿಷಪ್ಪರ ಆಡಳಿತ ಕಚೇರಿ, ಅಂದ್ರೆ ಡಯಾಸಿಸ್‌ಗೆ ಪತ್ರ ಬರೆಯೋದೇ ಒಳ್ಳೇದಾ?

ಉತ್ತರ: ಪತ್ರಕ್ಕ ಅವಸರ ಬ್ಯಾಡ್ರಿ. ಹೋದ ವರ್ಷ ಅವರು ಎಷ್ಟು ದಿನ ರಜಾ ತಗೊಂಡ್ರು ಅಂತ ನಿಮ್ಮ ಮಿನಿಟ್ಸ್ ಬುಕ್ಕಿನಾಗ ನೋಡ್ರಿ. ಒಂದು ದಿನಾನೂ ಇಲ್ಲಂದ್ರ ಎಂಟು ದಿನ ಹೆಂಡ್ತಿ ಮಕ್ಕಳ ಜೋಡಿ ಊರಿಗೆ ಕಳಸ್ರಿ, ಬಸ್ ಚಾರ್ಜ್ ಕಮಿಟಿದು. ಆ ಐತವಾರದ ಪ್ರಸಂಗ ನಿಮ್ಮ ಯುವಕರೊಳಗ ಒಬ್ಬರಿಗೆ ಕೊಡ್ರಿ. ಅವರು ವಾಪಸ್ ಬಂದ ಮ್ಯಾಲ ಮತ್ತ ಬರೀರಿ ನನಗ.