ಅಪ್ಪನಿಗೆಂದು ಹಳೇ ಜೀಪು ಕೊಳ್ಳಲೇ?

ಪ್ರಶ್ನೆ: ನನಗೆ 38 ವರ್ಷ, ಬೆಂಗಳೂರಿನಲ್ಲಿ ಕೆಲಸ. ಊರು ಕೊಪ್ಪದ ಹತ್ತಿರ. ಅಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಸ್ವಲ್ಪ ಅಡಿಕೆ, ಸ್ವಲ್ಪ ಕಾಫಿ ಇದೆ. ಅಪ್ಪನಿಗೆ 72, ಹೋದ ವರ್ಷ ಮಂಡಿ ಆಪರೇಷನ್ ಆಗಿದೆ. ಮೊದಲು ನಮ್ಮ ಮನೆಯಲ್ಲಿ ಮಹೀಂದ್ರ ಜೀಪು ಇತ್ತು. ನನ್ನ ಇಂಜಿನಿಯರಿಂಗ್ ಫೀಸಿಗೆಂದು ಅಪ್ಪ ಅದನ್ನು ಮಾರಿದರು. ಈಗ ಅಂಥದ್ದೇ 1991ರ ಎಂಎಂ 540 ಫೋರ್‌ವೀಲ್ (ನಾಲ್ಕೂ ಚಕ್ರ ಎಳೆಯುವ) ಜೀಪು ಸಿಕ್ಕಿದೆ. ನಾಲ್ಕೂವರೆ ಲಕ್ಷ ಹೇಳುತ್ತಿದ್ದಾರೆ. ಹಳೇ ಇಂಜಿನ್ ತೆಗೆದು ಬೇರೆ ಇಂಜಿನ್ ಕೂರಿಸಿದ್ದಾರಂತೆ, ಪುಲ್ಲಿಂಗ್ ಚೆನ್ನಾಗಿದೆ ಅನ್ನುತ್ತಾರೆ. ಬೇಗ ತೀರ್ಮಾನ ಹೇಳಿ ಅಂತ ಅವಸರ ಮಾಡುತ್ತಿದ್ದಾರೆ. ಅಪ್ಪನಿಗೆ ಹೇಳದೆ ಅಂಗಳಕ್ಕೆ ತಂದು ನಿಲ್ಲಿಸಬೇಕು ಅಂತ ನನ್ನ ಆಸೆ. ಹೆಂಡತಿಗೆ ಇಷ್ಟವಿಲ್ಲ. ‘ಮನೆ ಸಾಲವೇ ತೀರಿಲ್ಲ, ಮಕ್ಕಳನ್ನಂತೂ ಅದರಲ್ಲಿ ಕೂರಿಸಲು ಬಿಡಲ್ಲ’ ಅನ್ನುತ್ತಾಳೆ. ಅವಳಿಗೆ ಹೇಳದೆ 25 ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಅಡ್ವಾನ್ಸ್ ಕೊಟ್ಟ ವಿಷಯವನ್ನು ಇವತ್ತೇ ಹೆಂಡತಿಗೆ ಹೇಳಿಬಿಡಿ. ಜೀಪು ಬೇಕೋ ಬೇಡವೋ ಆಮೇಲಿನ ಮಾತು. ಅವರು ಬೇಡ ಅಂದದ್ದಕ್ಕೆ ಎರಡು ಕಾರಣ ಕೊಟ್ಟಿದ್ದಾರೆ. ಎರಡೂ ಸರಿಯಾಗಿಯೇ ಇವೆ. ನೀವು ಅದಕ್ಕೆ ಉತ್ತರ ಕೊಡಲಿಲ್ಲ, ದುಡ್ಡು ಕೊಟ್ಟು ಬಂದಿರಿ. ಮುಂದೊಂದು ದಿನ ತಾವಾಗಿಯೇ ಗೊತ್ತಾದರೆ ಅವರಿಗೆ ನೋವಾಗುವುದು ಜೀಪಿನಿಂದಲ್ಲ, ನೀವು ಮುಚ್ಚಿಟ್ಟಿರಿ ಅನ್ನುವುದರಿಂದ. ಇನ್ನೊಂದು ಮಾತು. ಆ 25 ಸಾವಿರ ವಾಪಸ್ ಬರದಿದ್ದರೂ ಬರಲಿಲ್ಲ ಅಂದುಕೊಳ್ಳಿ. ಅದನ್ನು ಉಳಿಸಿಕೊಳ್ಳಲು ಹೋಗಿ ನಾಲ್ಕೂಕಾಲು ಲಕ್ಷ ಸುರಿಯಬೇಡಿ.

ಮಕ್ಕಳ ವಿಷಯದಲ್ಲಿ ಅವರ ಮಾತಿಗೆ ಎದುರಾಡಬೇಡಿ. ಆ ಕಾಲದ ಜೀಪಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಮೇಲೆ ಬರೀ ಬಟ್ಟೆಯ ಹುಡ್. ಹಿಂದೆ ಎದುರುಬದುರು ಸೀಟು, ಅದಕ್ಕೆ ಬೆಲ್ಟ್ ಇಲ್ಲ. ಡ್ರಮ್ ಬ್ರೇಕು, ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಸರಿಯಾಗಿ ಹಿಡಿಯುವುದೇ ಇಲ್ಲ. ಮುಂದಿನ ಎರಡು ಸೀಟಿಗೆ ಬೆಲ್ಟ್ ಹಾಕಿಸಬಹುದು, ಹಾಕಿಸಲೇಬೇಕು. ಅಡ್ಡ ಸೀಟಿಗೆ ಬೆಲ್ಟ್ ಹಾಕಿಸಿದರೂ ಡಿಕ್ಕಿಯಾದಾಗ ಮುಂದೆ ಮುಖ ಮಾಡಿ ಕೂತವರಿಗೆ ಸಿಗುವಷ್ಟು ರಕ್ಷಣೆ ಸಿಗಲ್ಲ. ಮಕ್ಕಳು ಕಾರಿನಲ್ಲೇ ಊರಿಗೆ ಬರಲಿ. ಸಾಲದ ಮಾತಿಗೂ ಉತ್ತರ ಸರಳ. ಈ ಜೀಪಿಗಾಗಿ ಒಂದು ರೂಪಾಯಿಯನ್ನೂ ಸಾಲ ಮಾಡಬೇಡಿ. ಕೈಯಲ್ಲಿರುವ ದುಡ್ಡಿನಲ್ಲಿ ಆಗುವುದಾದರೆ ಮಾತ್ರ ನೋಡಿ. ಅದರಲ್ಲೂ ಕೊಂಡ ಬೆಲೆಯ ಮೇಲೆ ಒಂದು ಲಕ್ಷವನ್ನಾದರೂ ಟೈರು, ಬ್ರೇಕು, ಸಣ್ಣಪುಟ್ಟ ಕೆಲಸಕ್ಕೆ ತೆಗೆದಿಟ್ಟಿರಬೇಕು.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಶುರುಮಾಡಿದರು. ನೀವು ನೋಡಿರುವ 540 ಅದೇ ವಂಶದ್ದು. ಮಲೆನಾಡಿನಲ್ಲಿ ಜೀಪನ್ನು ಯಾರೂ ಶೋಕಿಗೆ ಇಟ್ಟುಕೊಂಡವರಲ್ಲ. ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ರಾತ್ರಿ ಹೊತ್ತು ಹೆರಿಗೆ ನೋವು ಬಂದ ಪಕ್ಕದ ಮನೆಯವರು, ಎಲ್ಲರನ್ನೂ ಎಲ್ಲವನ್ನೂ ಅದು ಹೊತ್ತಿದೆ. ಅಂಥ ಗಾಡಿಯನ್ನು ಮಾರಿ ಅಪ್ಪ ನಿಮ್ಮನ್ನು ಓದಿಸಿದರು. ಅದನ್ನು ತೀರಿಸಬೇಕು ಅಂತ ನಿಮಗನ್ನಿಸಿದ್ದು ದೊಡ್ಡ ಮನಸ್ಸು.

ಆದರೂ ಈ ಜೀಪು ಬೇಡ. ಕಾರಣ ಆ ಇಂಜಿನ್.

540ಗೆ ಕಂಪನಿ ಕೊಟ್ಟದ್ದು 2112 ಸಿಸಿಯ ಪ್ಯೂಜೋ ಡೀಸೆಲ್ ಇಂಜಿನ್. ಅದನ್ನಿಳಿಸಿ ಬೇರೆ ಕೂರಿಸುವುದು ಜೀಪಿನವರಲ್ಲಿ ಮಾಮೂಲಿ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ಇಂಜಿನ್ ಬದಲಾಯಿಸಬೇಕಾದರೆ ಆರ್‌ಟಿಒ ಒಪ್ಪಿಗೆ ಬೇಕು, ಹೊಸ ನಂಬರ್ ಆರ್‌ಸಿಗೆ ಏರಬೇಕು. ಆರ್‌ಸಿಯನ್ನು ಕೈಯಲ್ಲಿ ಹಿಡಿದು ಗಾಡಿ ಮುಂದೆ ನಿಂತು ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಅಕ್ಷರ ಅಕ್ಷರ ಓದಿ ನೋಡಿ. ಇಂಜಿನ್ ನಂಬರ್ ಹೊಂದದಿದ್ದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವಾಗಿದೆ ಅನ್ನುವ ಸರ್ಟಿಫಿಕೇಟ್) ಮಾಡಿಸುವಾಗ ಅಲೆದಾಟ. ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ಚಾಸಿ ನಂಬರ್ ಇರುವ ಜಾಗದಲ್ಲಿ ವೆಲ್ಡಿಂಗ್ ಅಥವಾ ಉಜ್ಜಿದ ಗುರುತು ಕಂಡರೆ ಮಾತೇ ಬೇಡ, ಬಂದುಬಿಡಿ.

ಮಾರುವವರ ಅವಸರಕ್ಕೂ ಒಂದು ಲೆಕ್ಕ ಇರಬಹುದು. 1991ರ ಗಾಡಿಗೆ ಮೊದಲ ಹದಿನೈದು ವರ್ಷ ಮುಗಿದದ್ದು 2006ಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್. 2011, 2016, 2021, ಆಮೇಲೆ 2026. ಇಪ್ಪತ್ತು ವರ್ಷ ದಾಟಿದ ಇಂಥ ಗಾಡಿಗಳ ರಿನ್ಯೂವಲ್ ಶುಲ್ಕ 2025ರ ಆಗಸ್ಟ್‌ನಿಂದ ಹತ್ತು ಸಾವಿರ ಆಗಿದೆ. ಹಸಿರು ತೆರಿಗೆ ಬೇರೆ. ಅದಕ್ಕಿಂತ ದೊಡ್ಡ ತಲೆನೋವು ತಪಾಸಣೆ. ಇನ್ಸ್‌ಪೆಕ್ಟರ್ ಬಾನೆಟ್ ತೆಗೆದು ನೋಡಿದಾಗ ಬೇರೆ ಇಂಜಿನ್ ಕಂಡರೆ ಉತ್ತರ ಕೊಡಬೇಕಾದವರು ನೀವು. ಹಾಗಾಗಿ ಅವರಿಗೆ ಒಂದೇ ಮಾತು ಹೇಳಿ: ‘ಇಂಜಿನ್ ಆರ್‌ಸಿಗೆ ಹತ್ತಿಸಿ, ರಿನ್ಯೂವಲ್ ಮಾಡಿಸಿ, ಬಾಕಿ ದುಡ್ಡು ಆಮೇಲೆ.’ ಮಾಡಿಸಿ ಕೊಟ್ಟರೆ ನನ್ನ ಅಡ್ಡಿ ಹೋಯಿತು. ಆಗಲ್ಲ ಅಂದರೆ ಅಡ್ವಾನ್ಸ್ ಕೇಳಿ.

ಹಳೇ ಡೀಸೆಲ್ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿಸುತ್ತಾರೆ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವ ನಿಯಮ ಬಂದದ್ದು ದೆಹಲಿ ಸುತ್ತಮುತ್ತಲಿಗೆ. ನಮ್ಮಲ್ಲಿ ಎಫ್‌ಸಿ ಪಾಸಾದರೆ ಓಡಿಸಬಹುದು.

ಮುಂದೆ ಬೇರೆ ಜೀಪು ನೋಡಲು ಹೋದರೆ ಬೆಳಿಗ್ಗೆಯೇ ಹೋಗಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಬಿಸಿಯಾದ ಡೀಸೆಲ್ ಇಂಜಿನ್ ತನ್ನ ಎಷ್ಟೋ ರೋಗ ಮುಚ್ಚಿಡುತ್ತದೆ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಒಳಗಿಂದ ಹೊಗೆ ಬುಸುಬುಸು ಅಂತ ಬಂದರೆ ಇಂಜಿನ್ನಿನ ಪಿಸ್ಟನ್ ರಿಂಗ್ ಸವೆದಿರಬಹುದು. ಪೇಂಟ್, ಅಗಲ ಟೈರು, ಹೊಸ ಲೈಟು ಇವಕ್ಕೆ ಮರುಳಾಗಬೇಡಿ. ಒಂದು ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ಚಾಸಿ ನೋಡಿ. ಸ್ಪ್ರಿಂಗ್ ಪಟ್ಟಿ ಚಾಸಿಗೆ ಸೇರುವ ಕಡೆ, ಸ್ಟೀರಿಂಗ್ ಬಾಕ್ಸ್ ಕೂತಿರುವ ಕಡೆ ಬಿರುಕು ಬರುವುದು ಜಾಸ್ತಿ. ಅಲ್ಲಷ್ಟೇ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ನಲವತ್ತು ಐವತ್ತರ ಸ್ಪೀಡಿನಲ್ಲಿ ಮುಂದಿನ ಚಕ್ರ ಗಡಗಡ ನಡುಗಿದರೆ ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗಲು ಆಧಾರವಾದ ಪಿನ್ನು) ನೋಡಿಸಬೇಕು.

ಫೋರ್‌ವೀಲ್ ಇದೆ ಅನ್ನುವ ಮಾತನ್ನಂತೂ ಕಣ್ಣಾರೆ ನೋಡದೆ ನಂಬಬೇಡಿ. ಎಷ್ಟೋ ಜೀಪುಗಳಲ್ಲಿ ಲಿವರ್ ಮಾತ್ರ ಉಳಿದಿರುತ್ತದೆ. ಸದ್ದು ಬರುತ್ತದೆ ಅಂತ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟಿರುತ್ತಾರೆ. ಸಡಿಲ ಮಣ್ಣಿನ ಏರಿನಲ್ಲಿ ಫೋರ್‌ವೀಲ್ ಹಾಕಿಸಿ, ಆಮೇಲೆ ಲೋ (ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರು) ಹಾಕಿಸಿ, ಮುಂದಿನ ಚಕ್ರ ಎಳೆಯುತ್ತದಾ ಅಂತ ಪಕ್ಕದಲ್ಲಿ ನಿಂತು ನೋಡಿ. ಒಣ ಟಾರು ರಸ್ತೆಯಲ್ಲಿ ಮಾತ್ರ ಈ ಪರೀಕ್ಷೆ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದ್ದಕ್ಕಿಂತ ಜಾಸ್ತಿ ದೂರ ಸುತ್ತಬೇಕು. ಈ ಜೀಪಿನಲ್ಲಿ ಆ ವ್ಯತ್ಯಾಸ ತಡೆದುಕೊಳ್ಳಲು ಮಧ್ಯೆ ಏನೂ ಇಲ್ಲ. ಟಾರಿನ ಮೇಲೆ ಚಕ್ರ ಜಾರುವುದೂ ಇಲ್ಲ, ಹೊರೆಯೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಇದನ್ನೆಲ್ಲ ಕಲಿಯಲು ಒಳ್ಳೆಯ ಜಾಗ ಕೊಡಚಾದ್ರಿ, ಮಾಂದಲ್‌ಪಟ್ಟಿ. ಒಂದು ಟ್ರಿಪ್ ಹೋಗಿ ಬನ್ನಿ. ಇಳಿದ ಮೇಲೆ ಅಲ್ಲಿನ ಜೀಪು ಡ್ರೈವರುಗಳ ಜೊತೆ ಟೀ ಕುಡಿಯುತ್ತ ಮಾತಾಡಿ. ಜೀಪಿನಿಂದಲೇ ಹೊಟ್ಟೆ ಹೊರೆಯುವವರು ಅವರು. ಏನು ಕೈಕೊಡುತ್ತದೆ, ಯಾವ ಪಾರ್ಟ್ ಎಲ್ಲಿ ಸಿಗುತ್ತದೆ, ಎಲ್ಲ ಹೇಳುತ್ತಾರೆ.

ಇಷ್ಟೆಲ್ಲ ಸರಿಯಾಗಿದ್ದರೂ ನೀವು ಬರೆಯದೆ ಬಿಟ್ಟ ಒಂದು ವಿಷಯ ಉಳಿಯುತ್ತದೆ. ಜೀಪು ಎಲ್ಲಿ ಇರುತ್ತದೆ? ಬೆಂಗಳೂರಿನಲ್ಲಿ ಇಡುವುದಾದರೆ ಖಂಡಿತ ಬೇಡ. ಅಲ್ಲಿಂದ ಕೊಪ್ಪಕ್ಕೆ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಅರವತ್ತರಲ್ಲಿ ಹೋದರೆ ನೆಮ್ಮದಿಯಾಗಿರುವ ಗಾಡಿಯಲ್ಲಿ ಆ ದಾರಿ ನಿಮಗೂ ಹಿಂಸೆ, ಅದಕ್ಕೂ ಹಿಂಸೆ. ಊರಲ್ಲೇ ಇಡುವುದಾದರೆ ವಾರಕ್ಕೊಮ್ಮೆಯಾದರೂ ಓಡಿಸುವವರು ಬೇಕು. ಮಳೆಗಾಲದಲ್ಲಿ ನಿಂತೇ ಇದ್ದರೆ ಬ್ಯಾಟರಿ ಸಾಯುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರುತ್ತದೆ, ಇಲಿ ವೈರು ಕಡಿಯುತ್ತದೆ. ಇವೆಲ್ಲ ನಿಮ್ಮ ಅಪ್ಪನ ತಲೆಗೆ ಬರುವ ಕೆಲಸಗಳು.

ಅವರಿಗೆ 72, ಮಂಡಿಗೆ ಆಪರೇಷನ್ ಆಗಿದೆ. ಜೀಪು ಎತ್ತರ, ಕ್ಲಚ್ ಬಿಗಿ, ಪವರ್ ಸ್ಟೀರಿಂಗ್ ಇಲ್ಲ. ನೀವು ಖುಷಿಯಿಂದ ತಂದು ನಿಲ್ಲಿಸುತ್ತೀರಿ. ಅವರು ಹತ್ತಲಾಗದೆ, ನಿಮಗೆ ಬೇಜಾರಾಗುತ್ತದೆ ಅಂತ ಅದನ್ನು ಹೇಳಲೂ ಆಗದೆ ಒದ್ದಾಡುತ್ತಾರೆ. ಅದಕ್ಕೇ ಹೇಳದೆ ತರುವ ಯೋಚನೆ ಬಿಡಿ. ಫೋನ್ ಮಾಡಿ ಕೇಳಿ. ಜೀಪು ಇದ್ದಿದ್ದರೆ ಅನ್ನಿಸುತ್ತಾ? ಈಗ ಮಳೆಯಲ್ಲಿ ಡಾಕ್ಟರ ಹತ್ತಿರ ಹೇಗೆ ಹೋಗುತ್ತೀರಿ? ಮನೆಯ ಏರು ಹತ್ತುವುದಷ್ಟೇ ಕಷ್ಟವಾದರೆ ಆ ಏರಿಗೆ ಚಕ್ರ ಹೋಗುವಷ್ಟು ಅಗಲ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸುವುದು ಜೀಪಿಗಿಂತ ಅವರಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು. ಆಗ ಊರಿನ ಯಾವ ಬಾಡಿಗೆ ಗಾಡಿಯಾದರೂ ಮನೆ ಬಾಗಿಲಿಗೆ ಬರುತ್ತದೆ. ಈ ಮಾತನ್ನು ಅಮ್ಮನ ಹತ್ತಿರ ಬೇರೆಯಾಗಿ ಕೇಳಿ. ಅಪ್ಪ ಹೇಳದ್ದನ್ನು ಅವರು ಹೇಳುತ್ತಾರೆ.

ಅಪ್ಪ ‘ಹೂಂ, ಒಂದು ನೋಡೋಣ’ ಅಂದರೆ, ಹೆಂಡತಿಯೂ ಒಪ್ಪಿದರೆ, ಸಂತೋಷವಾಗಿ ಹುಡುಕಿ. ಹುಡುಕುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ವರ್ಷಗಟ್ಟಲೆ ಜೀಪು ಓಡಿಸಿದವರು. ಸ್ಟಾರ್ಟ್ ಮಾಡಿದ ಶಬ್ದದಲ್ಲೇ ಅವರಿಗೆ ನಿಮಗಿಂತ ಜಾಸ್ತಿ ಗೊತ್ತಾಗುತ್ತದೆ. ಆರ್‌ಸಿ ಹಿಡಿದು ನಂಬರ್ ನೋಡುವ ಕೆಲಸವನ್ನು ಮಾತ್ರ ನೀವೇ ಮಾಡಿ.