ಸಿಸಿಲಿಯ ರಾಣಿಯರ ಬಗೆಗಿನ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಮಧ್ಯಯುಗದ ಸಿಸಿಲಿ ರಾಜ್ಯದ ರಾಣಿಯರನ್ನು ಕುರಿತ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲವೆಂಬುದನ್ನು ಮೊದಲಿಗೇ ತಿಳಿಸಿಬಿಡುತ್ತೇನೆ. ಎರಡು ಸಾಲಿನಲ್ಲಿ ಮುಗಿಸಬಹುದಾಗಿದ್ದ ನಿರಾಕರಣೆಯನ್ನು ಇಷ್ಟು ಉದ್ದದ ಪತ್ರವಾಗಿ ಬರೆಯುತ್ತಿರುವುದೇಕೆಂದರೆ, ನಿಮ್ಮ ಗದ್ಯಕ್ಕೆ ಓಟವಿದೆ, ವಿಷಯದ ಆಯ್ಕೆ ಒಳ್ಳೆಯದಿದೆ, ಮತ್ತು ಉತ್ತರ ಫ್ರಾನ್ಸಿನ ಮೂಲದ ನಾರ್ಮನ್ನರು ಆಳಿದ ಸಿಸಿಲಿಯನ್ನು ಕನ್ನಡದಲ್ಲಿ ಬರೆಯಲು ಹೊರಡುವವರು ತೀರ ವಿರಳ.

ಲೇಖನದ ಮುಖ್ಯ ತೊಂದರೆ ಅದರ ಚೌಕಟ್ಟಿನಲ್ಲಿದೆ. 1130ರ ಕ್ರಿಸ್‌ಮಸ್ ದಿನ ಎರಡನೆಯ ರೋಜರ್ ಪಲೆರ್ಮೊದಲ್ಲಿ ಕಿರೀಟ ಧರಿಸಿದಲ್ಲಿಂದ ಹಿಡಿದು, 1266ರಲ್ಲಿ ದೊರೆ ಮ್ಯಾನ್‌ಫ್ರೆಡ್ ಬೆನೆವೆಂಟೊ ಕಾಳಗದಲ್ಲಿ ಮಡಿಯುವವರೆಗಿನ ಪ್ರತಿಯೊಬ್ಬ ರಾಣಿಗೂ ನೀವು ಒಂದೊಂದು ಪ್ಯಾರಾ ಮೀಸಲಿಟ್ಟಿದ್ದೀರಿ. ಪ್ರತಿ ಪ್ಯಾರಾದಲ್ಲೂ ತಂದೆ ಯಾರು, ಮದುವೆ ಎಂದು, ಮಕ್ಕಳೆಷ್ಟು, ಸಮಾಧಿ ಎಲ್ಲಿ ಎಂಬ ನಾಲ್ಕೇ ಸಂಗತಿಗಳಿವೆ. ರೋಜರನ ಎರಡನೆಯ ಪತ್ನಿ ಬರ್ಗಂಡಿಯ ಸಿಬಿಲ್ಲಾ 1149ರಲ್ಲಿ ಮದುವೆಯಾಗಿ ಮರುವರ್ಷವೇ ಸಲೆರ್ನೊದಲ್ಲಿ ತೀರಿಕೊಂಡಳು. ನವಾರ್ ದೇಶದ ಮಾರ್ಗರೆಟ್ ಐದು ವರ್ಷ ರಾಜ್ಯದ ಹೊಣೆಯನ್ನೇ ಹೊತ್ತಳು. ಇಬ್ಬರಿಗೂ ನೀವು ಕೊಟ್ಟಿರುವುದು ಹೆಚ್ಚುಕಡಿಮೆ ಒಂದೇ ಅಳತೆಯ ಜಾಗ. ಮದುವೆಮನೆಯ ಪಂಕ್ತಿಯಲ್ಲಿ ಎಲೆ ಕಂಡಲ್ಲೆಲ್ಲ ಒಂದೊಂದು ಸೌಟು ಹಾಕುತ್ತ ಹೋದಂತೆ ಇದು ಸಾಗುತ್ತದೆ. ಯಾರಿಗೆ ಎಷ್ಟು ಬೇಕೆಂದು ಬಡಿಸುವವರು ನೋಡಿಲ್ಲ.

ನೀವೇ ಆರಂಭಿಸಿ ಕೈಬಿಟ್ಟ ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ರೋಜರನ ಮೊದಲ ಪತ್ನಿ, ಕ್ಯಾಸ್ಟೀಲಿನ ಆರನೆಯ ಅಲ್ಫಾನ್ಸೊನ ಮಗಳಾದ ಎಲ್ವಿರಾ, 1135ರಲ್ಲಿ ತೀರಿಕೊಂಡಾಗ ‘ರಾಜ ದುಃಖದಿಂದ ಕುಗ್ಗಿಹೋದ’ ಎಂದು ಬರೆದು ನೀವು ಮುಂದಿನ ರಾಣಿಗೆ ಹೋಗಿಬಿಟ್ಟಿದ್ದೀರಿ. ಆದರೆ ಅಂದಿನ ಚರಿತ್ರಕಾರ, ತೆಲೆಸೆಯ ಮಠಾಧಿಪತಿ ಅಲೆಕ್ಸಾಂಡರ್ ದಾಖಲಿಸಿರುವಂತೆ, ರೋಜರ್ ಆಪ್ತರ ಹೊರತು ಯಾರಿಗೂ ಮುಖ ತೋರಿಸದೆ ಒಳಗೇ ಉಳಿದದ್ದರಿಂದ ರಾಜನೇ ಸತ್ತನೆಂಬ ಸುದ್ದಿ ಹಬ್ಬಿತು. ಆ ಸುದ್ದಿಯನ್ನು ನಂಬಿ ಇಟಲಿಯ ನೆಲದಲ್ಲಿದ್ದ ಅವನ ವೈರಿಗಳು, ಕಾಪುವಾದ ರಾಬರ್ಟ್ ಮತ್ತು ರೋಜರನ ಭಾವನೇ ಆದ ರೈನುಲ್ಫ್, ಮತ್ತೆ ತಲೆಯೆತ್ತಿದರು. ಒಬ್ಬ ರಾಣಿಯ ಸಾವು ಐದು ವರ್ಷವೂ ತುಂಬದ ರಾಜ್ಯವೊಂದನ್ನು ಅಲುಗಾಡಿಸಿದ ಈ ಪ್ರಸಂಗವನ್ನು ಬಿಟ್ಟು, ಎಲ್ವಿರಾಳ ಮಕ್ಕಳ ಹೆಸರುಗಳನ್ನು ಸಾಲಾಗಿ ಕೊಡುವುದರಿಂದ ಓದುಗನಿಗೆ ಏನು ಸಿಕ್ಕಿತು?

ಸಂಗತಿಗಳ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರೋಜರನ ತಾಯಿ ಅಡೆಲೈಡ್‌ಳನ್ನು ‘ಸಿಸಿಲಿಯ ಮೊದಲ ರಾಣಿ’ ಎಂದು ಕರೆದಿದ್ದೀರಿ. ಆಕೆ 1118ರಲ್ಲೇ ತೀರಿಕೊಂಡಳು, ಸಿಸಿಲಿ ರಾಜ್ಯವಾದದ್ದು 1130ರಲ್ಲಿ. ಆಕೆ ರಾಣಿಯಾದದ್ದು ಜೆರುಸಲೇಮಿಗೆ, 1113ರಲ್ಲಿ ಒಂದನೆಯ ಬಾಲ್ಡ್ವಿನ್‌ನನ್ನು ಮದುವೆಯಾಗಿ. ಅವನ ಹಿಂದಿನ ಹೆಂಡತಿ ಬದುಕಿದ್ದಳೆಂಬ ಕಾರಣಕ್ಕೆ 1117ರಲ್ಲಿ ಆ ಮದುವೆ ರದ್ದಾಯಿತು. ಅವಮಾನದ ಆ ಕತೆಗಿಂತ ಆಕೆಯ ಆಡಳಿತಕಾಲದ ಪತ್ರವೊಂದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಬಾಲಕ ರೋಜರನ ಪರವಾಗಿ 1109ರಲ್ಲಿ ಆಕೆ ಹೊರಡಿಸಿದ, ಗ್ರೀಕ್ ಮತ್ತು ಅರಬ್ಬಿ ಎರಡರಲ್ಲೂ ಬರೆದ ಆದೇಶ. ಯೂರೋಪಿನಲ್ಲಿ ಉಳಿದಿರುವ ಕಾಗದದ ದಾಖಲೆಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿನಲ್ಲಿ ಅದು ಸೇರುತ್ತದೆ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಎರಡನೆಯದು, ರೋಜರನ ಮಗಳು ಕಾನ್‌ಸ್ಟನ್ಸ್‌ಳನ್ನು ಬರಿಯ ರಾಜಪತ್ನಿಯರ ಪಟ್ಟಿಗೆ ಸೇರಿಸಿರುವುದು. ತಂದೆ ಸತ್ತ ಕೆಲವು ತಿಂಗಳ ಮೇಲೆ, 1154ರಲ್ಲಿ ಹುಟ್ಟಿದ ಆಕೆಗೆ ಸಿಸಿಲಿಯ ಮೇಲೆ ಜನ್ಮದ ಹಕ್ಕಿತ್ತು. ಜರ್ಮನಿಯ ಆರನೆಯ ಹೆನ್ರಿ 1194ರಲ್ಲಿ ಪಲೆರ್ಮೊದಲ್ಲಿ ಕಿರೀಟ ಧರಿಸಿದ್ದು ಆಕೆಯ ಗಂಡನೆಂಬ ನೆಲೆಯಲ್ಲಿ. 1197ರಲ್ಲಿ ಹೆನ್ರಿ ಸತ್ತ ಮೇಲೆ ತನ್ನ ಸ್ವಂತ ಹಕ್ಕಿನಿಂದ ಆಳಿ, ಮೂರು ವರ್ಷದ ಮಗ ಫ್ರೆಡರಿಕ್‌ಗೆ ಪಟ್ಟ ಕಟ್ಟಿಸಿ, 1198ರ ನವೆಂಬರಿನಲ್ಲಿ ತೀರಿಕೊಂಡಳು. ಆಕೆ ಮದುವೆಗೆ ಮುಂಚೆ ಸನ್ಯಾಸಿನಿಯಾಗಿದ್ದಳೆಂದು ಬರೆದಿದ್ದೀರಿ. ದಾಂತೆ ತನ್ನ ಕಾವ್ಯದಲ್ಲಿ ಹಾಗೆಂದಿದ್ದಾನೆ, ನಿಜ. ಆದರೆ ದಾಂತೆ ಬರೆದದ್ದು ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ, ಮತ್ತು ಆಕೆಯ ಕಾಲದ ದಾಖಲೆಗಳಲ್ಲಿ ಅದಕ್ಕೆ ಆಧಾರವಿಲ್ಲ.

ಈಗ ಮಾರ್ಗರೆಟ್‌ಳ ವಿಷಯಕ್ಕೆ ಬರುತ್ತೇನೆ. ನೀವು ಬರೆಯಬೇಕಾಗಿದ್ದ ಲೇಖನ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನವಾರ್‌ನ ದೊರೆ ಗಾರ್ಸಿಯಾ ರಮೀರೆಸ್‌ನ ಮಗಳಾದ ಈಕೆ ಒಂದನೆಯ ವಿಲಿಯಂನ ಪತ್ನಿ. 1161ರಲ್ಲಿ ದಂಗೆಕೋರರು ಪಲೆರ್ಮೊದ ಅರಮನೆಗೆ ನುಗ್ಗಿ ರಾಜನನ್ನೂ ರಾಣಿಯನ್ನೂ ಮಕ್ಕಳನ್ನೂ ಸೆರೆಯಲ್ಲಿಟ್ಟರು. ಆ ಗಲಭೆಯಲ್ಲಿ ಆಕೆಯ ಮಗ ರೋಜರ್ ಪ್ರಾಣ ಕಳೆದುಕೊಂಡ. 1166ರ ಮೇ ತಿಂಗಳಲ್ಲಿ ಗಂಡ ಸತ್ತಾಗ, ಹನ್ನೆರಡು ವರ್ಷದ ಎರಡನೆಯ ವಿಲಿಯಂನ ಪರವಾಗಿ ಆಡಳಿತ ಆಕೆಯ ಕೈಗೆ ಬಂತು. ಸೆರೆಮನೆಗಳನ್ನು ತೆರೆಸಿದಳು, ಗಡಿಪಾರಾದವರನ್ನು ಕರೆಸಿಕೊಂಡು ಅವರ ನೆಲವನ್ನು ಹಿಂತಿರುಗಿಸಿದಳು, ಇಟಲಿಯ ನೆಲದಲ್ಲಿನ ಊರುಗಳ ಮೇಲೆ ಗಂಡ ಹೇರಿದ್ದ ದಂಡದ ಹಣವನ್ನು ರದ್ದುಪಡಿಸಿದಳು. ಇವೆಲ್ಲ ನಿಮ್ಮಲ್ಲಿ ಒಂದು ಉಪವಾಕ್ಯದಲ್ಲಿ ಮುಗಿದಿವೆ. ಆ ಬಳಿಕ ನೀವು ಬರೆದಿರುವ ವಾಕ್ಯ ಹೀಗಿದೆ: ‘ಗಂಡನ ಸಾವಿನ ನಂತರ ಮೋಹಕ್ಕೆ ಬಿದ್ದ ರಾಣಿ, ಫ್ರೆಂಚ್ ತರುಣನೊಬ್ಬನ ಕೈಗೆ ರಾಜ್ಯವನ್ನೇ ಒಪ್ಪಿಸಿದಳು.’

ಈ ವಾಕ್ಯವನ್ನು ಯಾರ ಬಾಯಿಂದ ಎತ್ತಿಕೊಂಡಿದ್ದೀರೆಂದು ನಿಮಗೆ ಗೊತ್ತಿದೆಯೇ? ಆ ಕಾಲದ ಪಲೆರ್ಮೊದ ಆಸ್ಥಾನದ ಬಗ್ಗೆ ನಮಗಿರುವ ಅತ್ಯಂತ ವಿವರವಾದ ವೃತ್ತಾಂತವನ್ನು ಬರೆದವನನ್ನು ಹ್ಯೂಗೊ ಫಾಲ್ಕಾಂಡಸ್ ಎನ್ನುವುದು ರೂಢಿ. ಅವನು ನಿಜಕ್ಕೂ ಯಾರೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಅವನು ಅದ್ಭುತ ಗದ್ಯಕಾರ, ಮತ್ತು ನಂಜು ತುಂಬಿದ ಲೇಖನಿಯವನು. ಮಾರ್ಗರೆಟ್‌ಳ ಹೆಸರನ್ನು ಮೊದಲು ಮಂತ್ರಿ ಮಾಯೊನೊಂದಿಗೆ, ಆಮೇಲೆ ಈ ಫ್ರೆಂಚ್ ತರುಣ ಸ್ಟೀಫನ್‌ನೊಂದಿಗೆ ತಳುಕು ಹಾಕಿದ ಮಾತುಗಳು ಅವನಲ್ಲಿ ಬರುವುದು ಆಸ್ಥಾನದವರ ಪಿಸುಮಾತಾಗಿ. ಅವನು ‘ಹೀಗೆ ಆಡಿಕೊಳ್ಳುತ್ತಿದ್ದರು’ ಎಂದದ್ದು ನಿಮ್ಮಲ್ಲಿ ‘ಹೀಗೆ ನಡೆಯಿತು’ ಎಂದಾಗಿದೆ. ಸ್ಟೀಫನ್‌ನ ನ್ಯಾಯಪರತೆಯನ್ನು ಮನಸಾರೆ ಹೊಗಳುವ ಅದೇ ಲೇಖನಿ, ಅವನನ್ನು ನೇಮಿಸಿದವಳಿಗೆ ಆ ಹೊಗಳಿಕೆಯಲ್ಲಿ ಪಾಲು ಕೊಡುವುದಿಲ್ಲವೆಂಬುದನ್ನು ನೀವು ಗಮನಿಸಬೇಕಿತ್ತು.

ಇನ್ನು ಆಕೆಯ ಆಯ್ಕೆಗಳನ್ನೇ ಸಾಲಾಗಿ ಇಟ್ಟು ನೋಡಿ. ಮೊದಲು ಎಲ್ಲರಿಗಿಂತ ಮೇಲಿನ ಸ್ಥಾನದಲ್ಲಿ ಕೂರಿಸಿದ್ದು ಕೈದ್ (ಅರಬ್ಬಿ ಮೂಲದ ಬಿರುದು) ಪೀಟರ್ ಎಂಬ ಅರಮನೆಯ ನಪುಂಸಕ ಅಧಿಕಾರಿಯನ್ನು. ಇಸ್ಲಾಮಿನಿಂದ ಕ್ರೈಸ್ತನಾಗಿದ್ದ ಅವನಿಗೆ ಸ್ವಂತ ಮನೆತನವಿಲ್ಲ, ಸೇನೆಯಿಲ್ಲ. ಅರಮನೆಯೇ ಅವನ ಬಲ. ಸಾಮಂತರ ಹಗೆ ತಾಳಲಾರದೆ ಅವನು ಅದೇ ವರ್ಷ ಉತ್ತರ ಆಫ್ರಿಕಾಕ್ಕೆ ಓಡಿಹೋದ. ಆಮೇಲೆ ಆಕೆ ನೆಚ್ಚಿದ್ದು ತಾಯಿಯ ಕಡೆಯ ನೆಂಟನಾದ ಸ್ಟೀಫನ್‌ನನ್ನು. ಪವಿತ್ರಭೂಮಿಗೆ ಹೊರಟಿದ್ದ ಅವನನ್ನು ತಡೆದು ಚಾನ್ಸಲರ್, ಅಂದರೆ ಮುಖ್ಯ ಮಂತ್ರಿ, ಮಾಡಿದಳು, ಮರುವರ್ಷ ಅವನು ಪಲೆರ್ಮೊದ ಆರ್ಚ್‌ಬಿಷಪ್ ಆಗಿಯೂ ಆಯ್ಕೆಯಾದ. ನವಾರ್‌ನಿಂದ ಬಂದ ತಮ್ಮ ರೊಡ್ರಿಗೊನಿಗೆ ಸಿಸಿಲಿಯವರ ಕಿವಿಗೆ ಒರಟೆನಿಸುತ್ತಿದ್ದ ಆ ಹೆಸರನ್ನು ಬಿಡಿಸಿ ಹೆನ್ರಿ ಎಂದು ಕರೆದು, ಒಂದು ಸಂಸ್ಥಾನವನ್ನೇ ಕೊಟ್ಟಳು. ಪರದೇಶದಿಂದ ಸೊಸೆಯಾಗಿ ಬಂದವಳಿಗೆ ಆ ನೆಲದಲ್ಲಿ ತನ್ನದೆಂಬ ಬಳಗವಿರಲಿಲ್ಲ. ತನ್ನನ್ನು ಬಿಟ್ಟರೆ ಬೇರೆ ಗತಿಯಿಲ್ಲದವರನ್ನು ಹುಡುಕಿ ಹುಡುಕಿ ಹತ್ತಿರ ಇಟ್ಟುಕೊಂಡಳೆಂದು ಓದಿದರೆ ಈ ಮೂವರೂ ಒಂದೇ ಲೆಕ್ಕಾಚಾರದ ಕೊಂಡಿಗಳಾಗುತ್ತಾರೆ. ಆ ಲೆಕ್ಕಾಚಾರ ಗೆಲ್ಲಲಿಲ್ಲ. 1168ರಲ್ಲಿ ಮೆಸ್ಸಿನಾದಲ್ಲಿ ಎದ್ದ ದಂಗೆ ಪಲೆರ್ಮೊಗೆ ಹಬ್ಬಿ, ಸ್ಟೀಫನ್ ಚರ್ಚಿನ ಗಂಟೆಗೋಪುರದಲ್ಲಿ ಆಶ್ರಯ ಪಡೆದು, ಕೊನೆಗೆ ದೇಶ ಬಿಡಲು ಒಪ್ಪಬೇಕಾಯಿತು. ಅಧಿಕಾರ ಬಿಷಪ್ಪರೂ ಸಾಮಂತರೂ ಇದ್ದ ಮಂಡಲಿಯ ಕೈಗೆ ಹೋಯಿತು. ಆಕೆ ಸೋತಳೆಂದು ಬರೆಯಿರಿ, ಅಭ್ಯಂತರವಿಲ್ಲ. ಸೋಲಿಗೆ ಮೋಹವೇ ಕಾರಣವೆಂದು ಬರೆಯಲು ಮಾತ್ರ ನಿಮ್ಮ ಕೈಯಲ್ಲಿ ಪುರಾವೆಯಿಲ್ಲ.

ಈ ರಾಣಿಯ ಮತ್ತೊಂದು ಮುಖವನ್ನು ನೀವು ಮುಟ್ಟಿಯೇ ಇಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ಐದು ಸೆಂಟಿಮೀಟರ್ ಎತ್ತರದ ಚಿನ್ನದ ಪದಕವೊಂದಿದೆ. ಅದರ ಮೇಲೆ ಬಿಷಪ್ ಒಬ್ಬ ರಾಣಿಯನ್ನು ಆಶೀರ್ವದಿಸುವ ಚಿತ್ರವನ್ನು ಕೊರೆಯಲಾಗಿದೆ. ಬಾತ್ ನಗರದ ಬಿಷಪ್ ರೆಜಿನಾಲ್ಡ್ ಇದನ್ನು ಸಿಸಿಲಿಯ ರಾಣಿ ಮಾರ್ಗರೆಟ್‌ಗೆ ಕಳುಹಿಸಿದನೆಂದು ಲ್ಯಾಟಿನ್ ಬರಹ ತಿಳಿಸುತ್ತದೆ. ಒಳಗಿದ್ದ ಪವಿತ್ರ ಅವಶೇಷಗಳು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನವು. ಅವನ ರಕ್ತ ತಾಗಿದ ಬಟ್ಟೆಯ ಪ್ರಸ್ತಾಪವೂ ಆ ಬರಹದಲ್ಲಿದೆ. ಇಂಗ್ಲೆಂಡಿನ ಎರಡನೆಯ ಹೆನ್ರಿಯ ಕಡೆಯವರು 1170ರಲ್ಲಿ ಬೆಕೆಟ್‌ನನ್ನು ಚರ್ಚಿನೊಳಗೇ ಕೊಂದರು. ಅದಕ್ಕೆ ಮುಂಚೆ, ಹೆನ್ರಿ ದೇಶಭ್ರಷ್ಟರನ್ನಾಗಿಸಿದ್ದ ಬೆಕೆಟ್‌ನ ಬಂಧುಗಳಿಗೆ ಆಸರೆ ಕೊಟ್ಟವಳು ಮಾರ್ಗರೆಟ್. ಅದಕ್ಕೆ ಕೃತಜ್ಞತೆ ಹೇಳಿ ಬೆಕೆಟ್ ಆಕೆಗೆ ಪತ್ರ ಬರೆದಿದ್ದ. ಹಾಗಿದ್ದೂ 1177ರಲ್ಲಿ ಅದೇ ಹೆನ್ರಿಯ ಮಗಳು ಜೋನ್ ಆಕೆಯ ಸೊಸೆಯಾಗಿ ಬಂದಳು, ಮತ್ತು ಆಕೆಯ ಮಗ ಕಟ್ಟಿಸಿದ ಮೊನ್ರಿಯಾಲೆಯ ಚರ್ಚಿನ ಗೋಡೆಯಲ್ಲಿ ಬೆಕೆಟ್‌ನ ಮೊಸಾಯಿಕ್ ಚಿತ್ರ ಇಂದಿಗೂ ಇದೆ. 1183ರಲ್ಲಿ ತೀರಿಕೊಂಡ ಮಾರ್ಗರೆಟ್‌ಳ ಸಮಾಧಿಯೂ ಅದೇ ಚರ್ಚಿನಲ್ಲಿದೆ. ಬೀಗರ ಮನೆಯವರ ಕೈಗೆ ಅಂಟಿದ ರಕ್ತವನ್ನು ಇಷ್ಟು ಭಕ್ತಿಯಿಂದ ಕಾಪಾಡಿಕೊಂಡ ಸಂಸಾರ ಇನ್ನೆಲ್ಲಿದೆಯೋ ಕಾಣೆ!

ಜೋನ್‌ಳ ಬಗ್ಗೆಯೂ ಒಂದೆರಡು ಮಾತು. ಪಲೆರ್ಮೊದಲ್ಲಿ ಮದುವೆಯಾದಾಗ ಆಕೆ ಹನ್ನೊಂದರ ಹುಡುಗಿ. ನೀವು ಬರೆದಿರುವ ‘ಹದಿನೆಂಟರ ಚೆಲುವೆ’ ಎಲ್ಲಿಂದ ಬಂದಳೋ ತಿಳಿಯದು. ‘ಬಂಜೆ’ ಎಂಬ ಮಾತನ್ನಂತೂ ದಯವಿಟ್ಟು ತೆಗೆಯಿರಿ. ಎರಡನೆಯ ವಿಲಿಯಂ 1189ರಲ್ಲಿ ವಾರಸುದಾರನಿಲ್ಲದೆ ಸತ್ತನೆಂಬುದಷ್ಟೇ ಖಚಿತ. ಜೋನ್‌ಳಿಗೆ ಬೊಹೆಮಂಡ್ ಎಂಬ ಮಗ ಹುಟ್ಟಿದ್ದನೆಂದು ನಾರ್ಮಂಡಿಯ ಚರಿತ್ರಕಾರನೊಬ್ಬ ಬರೆದಿದ್ದಾನೆ, ಮತ್ತು ಆಕೆ ಮುಂದೆ ಟೂಲೂಸಿನ ಆರನೆಯ ರೇಮಂಡ್‌ನನ್ನು ಮದುವೆಯಾಗಿ ಮಕ್ಕಳನ್ನು ಹೆತ್ತಳು. ಆಕೆಯ ಕತೆಯಲ್ಲಿ ನಿಮ್ಮ ಗಮನಕ್ಕೆ ಬರಬೇಕಾಗಿದ್ದದ್ದು ಸ್ತ್ರೀಧನ. ಮದುವೆಯಲ್ಲಿ ವಿಲಿಯಂ ಆಕೆಯ ಹೆಸರಿಗೆ ಮಾಂಟೆ ಸಾಂತಾಂಜೆಲೊ ಸಂಸ್ಥಾನವನ್ನು ಬರೆದುಕೊಟ್ಟ; ಆ ಪತ್ರದ ಒಕ್ಕಣೆ ಇಂಗ್ಲಿಷ್ ಚರಿತ್ರಕಾರರ ಮೂಲಕ ಉಳಿದುಬಂದಿದೆ. ವಿಲಿಯಂ ಸತ್ತ ಮೇಲೆ ಸಿಂಹಾಸನವೇರಿದ ಟ್ಯಾಂಕ್ರೆಡ್ ಆ ಆಸ್ತಿಯನ್ನೂ ಬಿಡಲಿಲ್ಲ, ವಿಧವೆಯನ್ನೂ ಹೊರಗೆ ಬಿಡಲಿಲ್ಲ. 1190ರಲ್ಲಿ ಧರ್ಮಯುದ್ಧಕ್ಕೆಂದು ಮೆಸ್ಸಿನಾದಲ್ಲಿ ಬಂದಿಳಿದ ಅಣ್ಣ, ಇಂಗ್ಲೆಂಡಿನ ದೊರೆ ರಿಚರ್ಡ್, ತಂಗಿಯನ್ನು ಬಿಡಿಸಿಕೊಂಡದ್ದಲ್ಲದೆ ಸ್ತ್ರೀಧನದ ಲೆಕ್ಕವನ್ನೂ ಕೇಳಿದ. ಊರನ್ನೇ ವಶಪಡಿಸಿಕೊಂಡ ನಂತರ ನಡೆದ ಒಪ್ಪಂದದಲ್ಲಿ ಟ್ಯಾಂಕ್ರೆಡ್ ಒಟ್ಟು 40,000 ಔನ್ಸ್ ಚಿನ್ನ ಕೊಡಬೇಕಾಯಿತು. ಆ ಹಣ ಹೋದದ್ದು ಹೆಚ್ಚಾಗಿ ಅಣ್ಣನ ಯುದ್ಧಕ್ಕೆ. ರಾಣಿಯ ಹಕ್ಕೊಂದು ಹೇಗೆ ಕಾಗದದಲ್ಲಿ ಹುಟ್ಟಿ, ಒಬ್ಬನ ಕೈಯಲ್ಲಿ ಸಿಕ್ಕಿಬಿದ್ದು, ಇನ್ನೊಬ್ಬನ ಖಜಾನೆ ಸೇರಿತೆಂಬುದನ್ನು ತೋರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಿಮಗೆ ಸಿಗಲಾರದು.

ಅಂತಃಪುರದ ವರ್ಣನೆಗೆ ನೀವು ಬಳಸಿರುವ ಧೂಪ, ಗೆಜ್ಜೆ, ಪನ್ನೀರಿನ ಕಾರಂಜಿಗಳು ಯಾವ ಅರಮನೆಗೂ ಒಪ್ಪುತ್ತವೆ, ಹಾಗಾಗಿ ಯಾವುದಕ್ಕೂ ಒಪ್ಪುವುದಿಲ್ಲ. 1184ರ ಕೊನೆಯಲ್ಲಿ ಹಡಗೊಡೆದು ಮೆಸ್ಸಿನಾದ ದಡ ಸೇರಿದ ಸ್ಪೇನಿನ ಮುಸ್ಲಿಂ ಯಾತ್ರಿಕ ಇಬ್ನ್ ಜುಬೈರ್‌ನನ್ನು ಓದಿ. ರಾಜನ ಕಾರ್ಖಾನೆಯಲ್ಲಿ ಚಿನ್ನದ ಕಸೂತಿ ಹಾಕುವವನೊಬ್ಬ ಅವನಿಗೆ ಹೇಳಿದ ಸುದ್ದಿಯಂತೆ, ಅರಮನೆಯ ದಾಸಿಯರು ಮುಸ್ಲಿಮರಾಗಿದ್ದು, ಹೊಸದಾಗಿ ಬಂದ ಕ್ರೈಸ್ತ ಹೆಂಗಸರನ್ನೂ ಗುಟ್ಟಾಗಿ ತಮ್ಮ ಧರ್ಮಕ್ಕೆ ಸೇರಿಸಿಕೊಳ್ಳುತ್ತಿದ್ದರು. ಸ್ವಧರ್ಮದ ಅಭಿಮಾನದಲ್ಲಿ ಹೇಳಿದ ಮಾತೆಂದು ಎಚ್ಚರಿಕೆಯಿಂದ ಬಳಸಿದರೂ, ಹನ್ನೊಂದರ ಜೋನ್ ಎಂಥ ಮನೆಗೆ ಬಂದಳೆಂಬುದರ ಕಲ್ಪನೆ ಓದುಗನಿಗೆ ಬರುತ್ತದೆ. ಹಾಗೆಯೇ, ಎರಡನೆಯ ಫ್ರೆಡರಿಕ್‌ನ ಮೊದಲ ಪತ್ನಿ ಅರಗಾನ್‌ನ ಕಾನ್‌ಸ್ಟನ್ಸ್‌ಳ ಕಣ್ಣುಗಳಿಗೆ ನಾಲ್ಕು ಸಾಲು ಮೀಸಲಿಟ್ಟಿದ್ದೀರಿ. ಆಕೆಯ ಸಮಾಧಿಯಲ್ಲಿ ಸಿಕ್ಕ, ಮುತ್ತು ಮತ್ತು ಹರಳುಗಳ ಟೋಪಿಯಾಕಾರದ ಕಿರೀಟ ಪಲೆರ್ಮೊದ ಕ್ಯಾಥೆಡ್ರಲ್‌ನಲ್ಲಿ ಎಲ್ಲರ ಕಣ್ಣೆದುರಿಗಿದೆ. ಕಂಡದ್ದನ್ನು ವರ್ಣಿಸಿ. ‘ಸೌಂದರ್ಯದ ಖನಿ’ ಎಂಬ ಮಾತು ಮೂವರು ರಾಣಿಯರಿಗೆ ಬಂದಿದೆ, ಮೂರನ್ನೂ ಹೊಡೆದುಹಾಕಿದ್ದೇನೆ.

ಆರಂಭದಲ್ಲಿ ಶಾಂತಲೆಯನ್ನು ತಂದಿರುವುದರ ಉದ್ದೇಶ ನನಗೆ ಅರ್ಥವಾಗುತ್ತದೆ. ವಿಷ್ಣುವರ್ಧನನ ರಾಣಿ ತೀರಿಕೊಂಡದ್ದು 1131ರಲ್ಲಿ, ಎಲ್ವಿರಾ 1135ರಲ್ಲಿ; ಕಾಲ ಹೊಂದುತ್ತದೆ. ಆದರೆ ಕಾಲ ಹೊಂದಿದ್ದರ ಹೊರತು ಅವರಿಬ್ಬರ ನಡುವೆ ಬೇರೆ ಸಂಬಂಧವಿಲ್ಲ, ಮತ್ತು ನಿಮ್ಮ ಲೇಖನ ಆ ಹೋಲಿಕೆಯನ್ನು ಎರಡನೆಯ ಪ್ಯಾರಾದಲ್ಲೇ ಮರೆತುಬಿಡುತ್ತದೆ. ಕನ್ನಡದ ಓದುಗ ಬೇಲೂರಿನ ಮೂಲಕವೇ ಪಲೆರ್ಮೊಗೆ ಹೋಗಬೇಕೆಂಬ ನಿಯಮವೇನೂ ಇಲ್ಲ.

ನನ್ನ ಸೂಚನೆ ಇಷ್ಟು: ಮಾರ್ಗರೆಟ್ ಒಬ್ಬಳನ್ನೇ ತೆಗೆದುಕೊಂಡು, 1166ರಿಂದ 1171ರವರೆಗಿನ ಆಡಳಿತವನ್ನು ನಡುಮಧ್ಯಕ್ಕಿಟ್ಟು ಎರಡು ಸಾವಿರ ಪದಗಳಲ್ಲಿ ಮತ್ತೆ ಬರೆಯಿರಿ. ಪ್ರತಿ ಸಂಗತಿಯೂ ಯಾರ ಲೇಖನಿಯಿಂದ ಬಂತೆಂಬುದು ಗದ್ಯದೊಳಗೇ ತಿಳಿಯುವಂತಿರಲಿ. ಜೋನ್ ಕೊನೆಯ ಭಾಗದಲ್ಲಿ ಸೊಸೆಯಾಗಿ ಬರಲಿ. ಮ್ಯಾನ್‌ಫ್ರೆಡ್‌ನ ಪತ್ನಿ ಹೆಲೆನಾ ಟ್ರಾನಿಯಲ್ಲಿ ಸೆರೆಸಿಕ್ಕಿ ನೊಚೆರಾದ ಕೋಟೆಯಲ್ಲಿ 1271ರಲ್ಲಿ ಸತ್ತ ಕತೆ ಬೇರೆಯದೇ ಲೇಖನಕ್ಕೆ ಸಾಕಾಗುವಷ್ಟಿದೆ. ಅದನ್ನು ಇಲ್ಲಿ ತುರುಕಬೇಡಿ. ಉಳಿದ ರಾಣಿಯರನ್ನು ಬಿಡಲು ಮನಸ್ಸಾಗದಿದ್ದರೆ ಒಂದು ಪುಟದ ವಂಶವೃಕ್ಷವಾಗಿ ಲಗತ್ತಿಸಿ. ಅದರಲ್ಲಿ ಮಾರ್ಗರೆಟ್‌ಳ ಸೋದರ, ನವಾರ್‌ನ ಆರನೆಯ ಸಾಂಚೊನ ಮಗಳು ಬೆರೆಂಗೇರಿಯಾಳ ಹೆಸರನ್ನು ಸೇರಿಸಲು ಮರೆಯಬೇಡಿ: 1191ರಲ್ಲಿ ರಿಚರ್ಡ್‌ನನ್ನು ಮದುವೆಯಾಗಲು ಆಕೆ ಮೆಸ್ಸಿನಾಗೆ ಬಂದಾಗ ಅಲ್ಲಿಂದ ಹಡಗಿನಲ್ಲಿ ಜೊತೆಯಾದವಳು ಜೋನ್, ಅಂದರೆ ಬೆರೆಂಗೇರಿಯಾಳ ಸೋದರತ್ತೆಯ ಸೊಸೆ.

ಇಂತು,
ಸಂಪಾದಕರು