ಲೋಹದೊಳಗಿನ ದೋಷ ಹುಡುಕಲು ಹೊಸ ಯಂತ್ರವೊಂದೇ ಸಾಕೇ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ವಾಲ್ವ್ ತಯಾರಿಕಾ ಘಟಕವಿದೆ. ಎರಕದ ವಾಲ್ವ್ ಬಾಡಿಗಳಿಗೆ ಇದುವರೆಗೆ ಹೊರಗಿನವರಿಂದ ರೇಡಿಯೋಗ್ರಫಿ (ಎಕ್ಸ್‌ರೇಯಂತೆ ವಿಕಿರಣ ಹಾಯಿಸಿ ಒಳಭಾಗದ ಚಿತ್ರ ತೆಗೆಯುವುದು) ಮಾಡಿಸಿ ಫಿಲ್ಮ್‌ಗಳನ್ನು ಗ್ರಾಹಕರಿಗೆ ಕೊಡುತ್ತಿದ್ದೆವು. ಕಿವಿಗೆ ಕೇಳದ ಧ್ವನಿಯಿಂದ ಲೋಹದ ಒಳಗನ್ನು ತೋರಿಸುವ ಫೇಸ್ಡ್ ಅರೇ ಅಲ್ಟ್ರಾಸಾನಿಕ್ ಯಂತ್ರ ಕೊಂಡರೆ ರೇಡಿಯೋಗ್ರಫಿಯ ಗೊಡವೆಯೇ ಇರುವುದಿಲ್ಲ ಎಂದು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. ಸಾಲ ಮಾಡಿ ಕೊಳ್ಳಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ನಿಮ್ಮ ಎರಕ ಯಾವ ಲೋಹದ್ದು ಎಂಬುದನ್ನು ನೋಡಿಕೊಳ್ಳಿ, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಅಲ್ಲೇ ಇದೆ. ಲೋಹದ ಮೇಲಿಟ್ಟು ನೋಡುವ ಫೇಸ್ಡ್ ಅರೇ ಪ್ರೋಬಿನಲ್ಲಿ ಸಾಮಾನ್ಯವಾಗಿ 16, 32 ಅಥವಾ 64 ಪುಟ್ಟ ಹರಳುಗಳಿದ್ದು, ಒಂದೊಂದನ್ನೂ ಅತ್ಯಲ್ಪ ಕಾಲದ ಅಂತರದಲ್ಲಿ ಮಿಡಿಸುವುದರಿಂದ ಪ್ರೋಬನ್ನು ಅಲುಗಿಸದೆಯೇ ಧ್ವನಿಯ ಕಿರಣವನ್ನು ಬೇರೆ ಬೇರೆ ಕೋನಗಳಿಗೆ ತಿರುಗಿಸಿ, ಒಳಭಾಗದ ಚಿತ್ರವನ್ನು ಪರದೆಯ ಮೇಲೆ ಮೂಡಿಸಬಹುದು. ನಾರ್ಮಲೈಸ್ ಮಾಡಿದ (ಕಾಯಿಸಿ ಗಾಳಿಯಲ್ಲಿ ಆರಿಸಿದ) ಕಾರ್ಬನ್ ಸ್ಟೀಲ್ ಎರಕದಲ್ಲಿ ಲೋಹದ ಕಣಗಳು ಸಣ್ಣವಾಗಿರುವುದರಿಂದ ಈ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ವಿಕಿರಣದ ದಿಕ್ಕಿಗೆ ಓರೆಯಾಗಿ ನಿಂತು ಫಿಲ್ಮಿನಲ್ಲಿ ಕಾಣದೆ ಹೋಗುವ ತೆಳು ಬಿರುಕನ್ನೂ ಅದು ಹಿಡಿಯಬಲ್ಲದು.

ಸ್ಟೇನ್‌ಲೆಸ್ ಎರಕದ ಮಾತೇ ಬೇರೆ. 5 ಮೆಗಾಹರ್ಟ್ಸ್ ಧ್ವನಿಯ ತರಂಗದುದ್ದ ಉಕ್ಕಿನಲ್ಲಿ ಸುಮಾರು 1.2 ಮಿಲಿಮೀಟರ್; ಆಸ್ಟೆನಿಟಿಕ್ ಸ್ಟೇನ್‌ಲೆಸ್ ಎರಕದ ಕಣಗಳು ಅದಕ್ಕಿಂತ ದೊಡ್ಡವಾಗಿರುವುದುಂಟು. ಆಗ ಧ್ವನಿ ಕಣಕಣದ ಅಂಚಿನಲ್ಲೂ ಚದುರಿ, ಪರದೆಯ ತುಂಬ ಗದ್ದಲವೇ ಮೂಡಿ, ನಿಜವಾದ ಶ್ರಿಂಕೇಜ್ (ಲೋಹ ಗಟ್ಟಿಯಾಗುತ್ತ ಕುಗ್ಗುವಾಗ ಉಳಿಯುವ ಟೊಳ್ಳು) ಅದರಲ್ಲಿ ಮುಚ್ಚಿಹೋಗುತ್ತದೆ. ಆವರ್ತನವನ್ನು 1 ಅಥವಾ 2 ಮೆಗಾಹರ್ಟ್ಸ್‌ಗೆ ಇಳಿಸಿದರೆ ಧ್ವನಿ ಆಳಕ್ಕೆ ಹೋಗುತ್ತದೆ, ಆದರೆ ಸಣ್ಣ ದೋಷಗಳು ಕೈತಪ್ಪುತ್ತವೆ. ಇದರ ಜೊತೆಗೆ ವಾಲ್ವ್ ಬಾಡಿಯ ಬಾಗಿದ, ಒರಟಾದ ಮೈಮೇಲೆ ಪ್ರೋಬ್ ಸರಿಯಾಗಿ ಕೂರುವುದಿಲ್ಲ. ಜೆಲ್ ಹಚ್ಚಿದರೂ ನಡುವೆ ತೆಳುವಾದ ಗಾಳಿಯ ಪದರ ಉಳಿದರೆ ಧ್ವನಿಯೆಲ್ಲ ಅಲ್ಲಿಂದಲೇ ಹಿಂದಿರುಗುತ್ತದೆ. ಗಾಳಿಗುಳ್ಳೆ, ಶ್ರಿಂಕೇಜ್‌ಗಳಂಥ ಗಾತ್ರವುಳ್ಳ ದೋಷಗಳಿಗೆ, ಅದರಲ್ಲೂ ಸ್ಟೇನ್‌ಲೆಸ್‌ನಲ್ಲಿ, ರೇಡಿಯೋಗ್ರಫಿಯನ್ನು ಕೈಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮಾರಾಟಗಾರರನ್ನು ನಿಮ್ಮ ಘಟಕಕ್ಕೇ ಕರೆಸಿ. ನೀವು ಬಳಸುವ ಅದೇ ಲೋಹದಲ್ಲಿ, ಅದೇ ದಪ್ಪದಲ್ಲಿ ಒಂದು ತುಂಡನ್ನು ಎರಕ ಹೊಯ್ಯಿಸಿ, ಪಕ್ಕದಿಂದ 3 ಮಿಲಿಮೀಟರ್ ರಂಧ್ರಗಳನ್ನು ಬೇರೆ ಬೇರೆ ಆಳದಲ್ಲಿ ಕೊರೆಸಿಟ್ಟು, ಅವನ್ನು ಯಂತ್ರದಲ್ಲಿ ತೋರಿಸಲು ಕೇಳಿ. ಅವರು ತಂದ ಮಾದರಿ ತುಂಡಿನ ಮೇಲೆ ತೋರಿಸುವ ಚಿತ್ರವನ್ನು ನೆಚ್ಚಬೇಡಿ. ಗ್ರಾಹಕರ ಆರ್ಡರಿನಲ್ಲಿ ರೇಡಿಯೋಗ್ರಫಿ ಎಂದಿದ್ದರೆ, ವಿಧಾನ ಬದಲಿಸಲು ಅವರ ಲಿಖಿತ ಒಪ್ಪಿಗೆಯೂ ಬೇಕು. ನಿಮ್ಮಲ್ಲಿ ಸ್ಟೇನ್‌ಲೆಸ್ ಕೆಲಸವೇ ಹೆಚ್ಚಾಗಿದ್ದರೆ, ಡಿಜಿಟಲ್ ರೇಡಿಯೋಗ್ರಫಿ ಮಾಡುವ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಯಿರುವ ಸಂಸ್ಥೆಗೆ ಕೆಲಸ ಕೊಡುವುದೇ ಲೇಸು. ಫಿಲ್ಮ್ ತೊಳೆಯುವ ಕೆಲಸವಿರದೆ ಚಿತ್ರ ಬೇಗ ಕೈಸೇರುತ್ತದೆ, ವರ್ಷಗಳ ನಂತರವೂ ತೆಗೆದು ನೋಡಬಹುದು. ಅವರು ಬಳಸುವ ವಿಕಿರಣ ಮೂಲ ಇರಿಡಿಯಂ-192 ಆಗಿದ್ದರೆ, ಅದು ಎಷ್ಟು ಹಳೆಯದೆಂದು ವಿಚಾರಿಸಿ. ಸುಮಾರು 74 ದಿನಗಳಿಗೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುವುದರಿಂದ ಎಕ್ಸ್‌ಪೋಷರ್ ಸಮಯ ದುಪ್ಪಟ್ಟಾಗುತ್ತದೆ.

ಪ್ರಶ್ನೆ: ಗಾಳಿಯಂತ್ರಗಳ ರೆಕ್ಕೆಗಳನ್ನು ಈಗ ಡ್ರೋನ್ ಹಾರಿಸಿ ಪರೀಕ್ಷಿಸುತ್ತಾರೆ, ಚಿತ್ರಗಳನ್ನು ಕಂಪ್ಯೂಟರೇ ಓದುತ್ತದೆ ಎಂದು ಕೇಳಿದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ನನ್ನ ಮಗ ಎನ್‌ಡಿಟಿ (ವಸ್ತುವನ್ನು ಕೆಡಿಸದೆ ಪರೀಕ್ಷಿಸುವ ವಿದ್ಯೆ) ಕಲಿತರೆ ಉಪಯೋಗವಿದೆಯೇ?
— ಓದುಗರು, ಗದಗ

ಉತ್ತರ: ಧಾರಾಳವಾಗಿ ಕಲಿಯಲಿ. ಡ್ರೋನ್ ಕ್ಯಾಮೆರಾ ರೆಕ್ಕೆಯ ಮೇಲ್ಮೈಯನ್ನಷ್ಟೇ ನೋಡುತ್ತದೆ: ಸಿಡಿಲು ತಾಗಿದ ಗುರುತು, ಸವೆದ ಅಂಚು, ಬಣ್ಣದ ಪದರದ ಬಿರುಕು. ಒಳಗೆ ಅಂಟು ಬಿಟ್ಟಿದ್ದರೆ ಅದನ್ನು ಅಲ್ಟ್ರಾಸಾನಿಕ್‌ನಿಂದಲೋ ತಟ್ಟಿ ಸದ್ದು ಕೇಳಿಯೋ ಮನುಷ್ಯನೇ ಪತ್ತೆಹಚ್ಚಬೇಕು. ಕಂಪ್ಯೂಟರ್ ಸಾವಿರಾರು ಚಿತ್ರಗಳಲ್ಲಿ ಅನುಮಾನದವನ್ನು ಬೇರ್ಪಡಿಸಿಕೊಡುವುದು ನಿಜವಾದ ಉಪಕಾರ, ಆದರೆ ವರದಿಯ ಹೊಣೆ ಅರ್ಹತೆ ಪಡೆದ ಪರೀಕ್ಷಕನದು.

ಮೊದಲು ಡೈ ಪೆನೆಟ್ರೆಂಟ್ (ಬಿರುಕಿಗೆ ಬಣ್ಣದ ದ್ರವ ಇಳಿಸಿ ನೋಡುವುದು) ಮತ್ತು ಮ್ಯಾಗ್ನೆಟಿಕ್ ಪಾರ್ಟಿಕಲ್ (ಕಾಂತ ಮತ್ತು ಕಬ್ಬಿಣದ ಪುಡಿಯಿಂದ ನೋಡುವುದು) ಪರೀಕ್ಷೆಗಳಲ್ಲಿ ಲೆವೆಲ್ 2 ಎಂಬ ಅರ್ಹತೆ ಮಾಡಿಕೊಂಡು ಆಮೇಲೆ ಅಲ್ಟ್ರಾಸಾನಿಕ್‌ಗೆ ಹೋಗುವುದು ಒಳ್ಳೆಯ ದಾರಿ; ರೈಲ್ವೆಯಲ್ಲಿ ಆಕ್ಸಲ್‌ಗಳನ್ನು ಪರೀಕ್ಷಿಸುವುದೂ ಇದರಿಂದಲೇ. ಒಂದೇ ವಾರದ ತರಗತಿಯಲ್ಲಿ ಎಲ್ಲ ಸರ್ಟಿಫಿಕೇಟ್ ಕೊಡುತ್ತೇವೆನ್ನುವವರಿಗೆ ಹಣ ಕಟ್ಟಬೇಡಿ, ಏಕೆಂದರೆ ಅನುಭವಿಯ ಕೈಕೆಳಗೆ ದುಡಿದ ಗಂಟೆಗಳ ದಾಖಲೆಯಿಲ್ಲದ ಪ್ರಮಾಣಪತ್ರಕ್ಕೆ ಒಳ್ಳೆಯ ಕಂಪನಿಗಳಲ್ಲಿ ಬೆಲೆಯಿಲ್ಲ. ಹತ್ತಿರದ ದೃಷ್ಟಿ ಮತ್ತು ಬಣ್ಣ ಗುರುತಿಸುವ ಶಕ್ತಿಯ ಪರೀಕ್ಷೆ ಈ ವೃತ್ತಿಯಲ್ಲಿ ಕಡ್ಡಾಯವಾದ್ದರಿಂದ, ಶುಲ್ಕ ಕಟ್ಟುವ ಮೊದಲೇ ಮಗನನ್ನು ಕಣ್ಣಿನ ವೈದ್ಯರಿಗೆ ತೋರಿಸಿ.